ದೇವರು ತೋರಿಸಿದನೆಂದು ನಾನು ಹೇಳಿದ್ದು

ದೇವರು ನನಗೆ ಏನನ್ನೂ ತೋರಿಸಿರಲಿಲ್ಲ. ದಾನಿಯೇಲಪ್ಪನವರು ಮತ್ತೆ ಕುಡಿಯುತ್ತಿದ್ದಾರೆಂದು ನನಗೆ ತಿಳಿಸಿದವಳು ಅವರ ಮಗಳು ಕರುಣಾ — ಯಾರಿಗೂ ಹೇಳಬೇಡಿ ಎಂದು ನನ್ನ ಕೈ ಹಿಡಿದು ತಿಳಿಸಿದ್ದಳು. ನಾನು ಅದನ್ನು ತುಂಬಿದ ಸಭೆಯಲ್ಲಿ ಪ್ರಾರ್ಥನೆಯ ರೂಪದಲ್ಲಿ ಹೇಳಿಬಿಟ್ಟೆ. ಆಮೇಲೆ ದೇವರೇ ತೋರಿಸಿದ ಎಂದು ಸುಳ್ಳಾಡಿದೆ. ಇಷ್ಟು ವರ್ಷ ಆ ಸುಳ್ಳಿನಿಂದ ಗೌರವ ಪಡೆಯುತ್ತ ಬಂದಿದ್ದೇನೆ.

ಆಗ ರಾಯಚೂರಿನ ನಮ್ಮ ಚರ್ಚಿನ ಯೌವನಸ್ಥರ ಕೂಟವನ್ನು ನಾನು ನಡೆಸುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವುದು ಹೊಟ್ಟೆಪಾಡು. ಶನಿವಾರ ಸಂಜೆ ಸೇರುತ್ತಿದ್ದ ಆ ಹುಡುಗ ಹುಡುಗಿಯರು ನನ್ನ ಸಂತೋಷ. ಹಾಡು, ಬೈಬಲ್ ಓದು, ಆಮೇಲೆ ಎಲ್ಲರೂ ಸುತ್ತ ಕೂತು ತಿನ್ನುವ ವಗ್ಗರಣಿ-ಮಿರ್ಚಿ. ದೇವದುರ್ಗದಿಂದ ಪಿಯುಸಿ ಓದಲು ಬಂದು ಹಾಸ್ಟೆಲಿನಲ್ಲಿದ್ದ ಕರುಣಾಳೇ ಅವರಲ್ಲಿ ಬಾಯಿಬಡುಕಿ. ಯಾರ ಪ್ರಾರ್ಥನೆಯಾದರೂ ಉದ್ದವಾಯಿತೋ, ಕಣ್ಣು ಮುಚ್ಚಿಕೊಂಡೇ, "ಲೇ ಸ್ಯಾಮ್ಯಾ, ಆಮೆನ್ ಅನ್ನಲೇ, ಮಿರ್ಚಿ ತಣ್ಣಗಾಗಾಕತ್ತಾವು!" ಎನ್ನುತ್ತಿದ್ದಳು.

ಮನೆಯಲ್ಲಿ ಹೇಳದ್ದನ್ನು ಅವರು ನನಗೆ ಹೇಳುತ್ತಿದ್ದರು. ಪರೀಕ್ಷೆಯ ಭಯ, ಮೊದಲ ಪ್ರೀತಿ, ದೇವರಿದ್ದಾನೋ ಇಲ್ಲವೋ ಎಂಬ ಅನುಮಾನ. ಆ ನಂಬಿಕೆ ನನಗೆ ಎಷ್ಟು ರುಚಿಸಿತ್ತೆಂದು ಆಗ ತಿಳಿದಿರಲಿಲ್ಲ. ಅಥವಾ ತಿಳಿದಿತ್ತು...

ಒಂದು ಶನಿವಾರ ಎಲ್ಲರೂ ಹೋದ ಮೇಲೆ ಕರುಣಾ ನನ್ನ ಜೊತೆ ಚಹಾದ ಲೋಟ ತೊಳೆಯುತ್ತ ನಿಂತಳು. ಅವಳ ತಂದೆ ಗೌಂಡಿ, ಮನೆ ಕಟ್ಟುವ ಕೆಲಸದವರು. ಒಂದು ಕಾಲದಲ್ಲಿ ಕುಡಿತಕ್ಕೆ ಬಿದ್ದು, ಆಮೇಲೆ ಬಿಟ್ಟವರು. ಬಿಟ್ಟ ಕಥೆಯನ್ನು ಅವರು ದೇವದುರ್ಗ, ಮಾನ್ವಿಯ ಸಭೆಗಳಲ್ಲಿ ಸಾಕ್ಷಿಯಾಗಿ ಹೇಳುತ್ತಿದ್ದರು. ಜನ ಅಳುತ್ತ ಕೇಳುತ್ತಿದ್ದರು.

"ಅಕ್ಕಾ, ನಮ್ಮಪ್ಪ ಮತ್ತ ಕುಡ್ಯಾಕತ್ತಾನ್ರೀ. ಇಲ್ಲೇ ಬಸ್ ಸ್ಟ್ಯಾಂಡ್ ಕಡಿ ನೋಡಿದೆ. ಅವ್ವಗ ಹೇಳಬ್ಯಾಡ ಯವ್ವಾ ಅಂತ ನನಗ ಕೈ ಮುಗದ. ಅಪ್ಪ ಮಗಳಿಗೆ ಕೈ ಮುಗದ್ರ ಹೆಂಗಾಗ್ತದ ಹೇಳ್ರಿ? ನೀವೂ ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದೆ.

ಕೆಲವೇ ದಿನಗಳಲ್ಲಿ ಮಾನ್ವಿಯಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಊರಿನ ಯೌವನಸ್ಥರ ಕೂಟ ಸೇರಿತು. ಹಿರಿಯರೂ ಬಂದಿದ್ದರು, ದಾನಿಯೇಲಪ್ಪನವರು ಹಿಂದಿನ ಸಾಲಿನಲ್ಲಿದ್ದರು. ಕೊನೆಯ ಪ್ರಾರ್ಥನೆ ನನ್ನದು. ಇನ್ನೊಬ್ಬರ ಕಷ್ಟವನ್ನು ಹೆಸರು ಹೇಳದೆ ದೇವರ ಮುಂದಿಡುವುದು ನಮ್ಮಲ್ಲಿ ರೂಢಿ. ಅದನ್ನು ಯಾರೂ ಚಾಡಿ ಎನ್ನುವುದಿಲ್ಲ. ನಾನು ಹೇಳಿದೆ: "ಕರ್ತನೇ, ದೇವದುರ್ಗದ ಒಬ್ಬ ತಂದೆ ಬಿಟ್ಟದ್ದನ್ನು ಮತ್ತೆ ಹಿಡಿದಿದ್ದಾನೆ. ಸಾಕ್ಷಿ ಹೇಳಿದ ಬಾಯಿಯನ್ನೇ ಕುಡಿತಕ್ಕೆ ಒಪ್ಪಿಸಿದ್ದಾನೆ..."

ಸಭೆ ಸ್ತಬ್ಧವಾಯಿತು. ಆ ಸ್ತಬ್ಧತೆಯನ್ನು ನಾನು ಸವಿದೆನೇ? ನೆನಪು ನನ್ನ ವಿಷಯದಲ್ಲಿ ತುಂಬ ಮೃದು. ಅದಕ್ಕೇ ಅದನ್ನು ನಂಬುವುದಿಲ್ಲ. ಭಕ್ತಿಯಿಂದ ಕಣ್ಣು ಮುಚ್ಚಿದ್ದೆ ಎಂದು ಅದು ಹೇಳುತ್ತದೆ. ಹಾಗಾದರೆ ಕರುಣಾ ತಲೆಯೆತ್ತಿ ನನ್ನನ್ನೇ ನೋಡಿದ್ದು ನನಗೆ ಹೇಗೆ ಗೊತ್ತು?

ಹೊರಗೆ ಬೇವಿನ ಮರದ ಕೆಳಗೆ ದಾನಿಯೇಲಪ್ಪನವರು ಬಂದು ನಿಂತರು.

"ಅಕ್ಕಾರೆ, ಖರೇ ಹೇಳ್ರಿ. ನಮ್ಮ ಕರುಣಾ ಹೇಳಿದಳೇನ್ರೀ?"

"ಇಲ್ರೀ. ಯಾರೂ ಹೇಳಿಲ್ಲ. ಪ್ರಾರ್ಥನ್ಯಾಗ ದೇವರು ತೋರಿಸಿದ."

ಅವಳನ್ನು ಕಾಪಾಡಲು ಹಾಗೆಂದೆ ಎಂದು ಬಹಳ ಕಾಲ ನಂಬಿದ್ದೆ. ಆದರೆ ಅದರಿಂದ ಮೊದಲು ಪಾರಾದವಳು ನಾನು.

ಅವರು ಕುಡಿತ ಬಿಟ್ಟರು — ಈ ಸಲ ನಿಜವಾಗಿ. ಅದನ್ನು ನನ್ನ ಪರವಾಗಿ ಇಲ್ಲಿ ಬರೆಯುತ್ತಿಲ್ಲ, ಬಿಟ್ಟವರು ಅವರು. ಮುಂದಿನ ಸಾಕ್ಷಿಯಲ್ಲಿ, ನನ್ನನ್ನೂ ಮಗಳನ್ನೂ ಮುಂದೆ ಕೂರಿಸಿಕೊಂಡು ಹೇಳಿದರು: "ನಾ ಕುಡಿದದ್ದು ನನ್ನ ಮಗಳೊಬ್ಬಾಕಿಗೇ ಗೊತ್ತಿತ್ತು. ಆಕಿ ಬಾಯಿ ಬಿಡಲಿಲ್ರೀ. ದೇವರೇ ಬಾಯಿ ಬಿಟ್ಟ!" ಜನ ಸ್ತೋತ್ರ, ಸ್ತೋತ್ರ ಎಂದರು. ಕರುಣಾ ನೆಲ ನೋಡುತ್ತಿದ್ದಳು. ತಂದೆ ತನ್ನನ್ನು ಹೊಗಳುವಾಗಲೆಲ್ಲ ಅವಳು ನನ್ನ ಸುಳ್ಳನ್ನು ಹೊತ್ತುಕೊಂಡು ಕೂರಬೇಕಿತ್ತು.

ಅಂದು ಹೊರಡುವಾಗ ಅವಳು ನನ್ನ ಹತ್ತಿರ ಬಂದಳು. "ದೇವ್ರಿಗೆ ಹೇಳೂದಿದ್ರ ನಾನ ಹೇಳ್ತಿದ್ದೆ, ಅಕ್ಕಾ. ನಾ ನಿಮಗ ಹೇಳಿದ್ದೆ." ಆಮೇಲೆ ಅವಳು ಕೂಟಕ್ಕೆ ಬರಲಿಲ್ಲ. ಚರ್ಚಿಗೂ.

ನನಗೆ ಮಾತ್ರ ಮಲ್ಲಟ, ಹಿರೇಕೊಟ್ನೆಕಲ್ಲಿನಂಥ ಹಳ್ಳಿಗಳಿಂದ ಪ್ರಾರ್ಥನೆಗೆ ಕರೆ ಬರತೊಡಗಿತು. "ನಮಗೇನು ತೋರಿಸ್ತಾನ ನೋಡ್ರಿ, ಅಕ್ಕಾರೆ" ಎಂದು ಹಣ್ಣು ಹಣ್ಣು ಮುದುಕಿಯರು ನನ್ನೆದುರು ತಲೆ ಬಾಗಿಸಿದರು. ಅವರ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. ಇಲ್ಲ, ನನಗೇನೂ ಕಾಣುವುದಿಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಕೂಟದ ಮಕ್ಕಳು ಕ್ರಮೇಣ ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳದಾದರು. ಕೇಳಿದರೆ ಸ್ಯಾಮ್ಯಾ ನಕ್ಕ: "ನಿಮಗ ಹೇಳೂದ್ಯಾಕ್ರೀ ಅಕ್ಕಾ, ದೇವ್ರು ಮೊದ್ಲ ಹೇಳಿರ್ತಾನ!" ಎಲ್ಲರೂ ನಕ್ಕರು. ನಾನೂ.

ಕಳೆದ ವರ್ಷ ದಾನಿಯೇಲಪ್ಪನವರು ತೀರಿಕೊಂಡರು. ದೇವದುರ್ಗದಲ್ಲಿ, ಸಮಾಧಿಯ ಬಳಿ ಪಾಸ್ಟರ್ ಅದೇ ಕಥೆ ಹೇಳಿ ನನ್ನನ್ನು ಪ್ರಾರ್ಥನೆಗೆ ಕರೆದರು. ಮಣ್ಣಿನ ಗುಡ್ಡೆಯ ಆಚೆ ಕರುಣಾ ನಿಂತಿದ್ದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ದುಃಖವೆಂದು ಜನ ತಿಳಿದರು — ಅದನ್ನೂ ತಿದ್ದಲಿಲ್ಲ.

ಆಮೇಲೆ ಮಾನ್ವಿಗೆ ಹೋದೆ. ಕರುಣಾ ಈಗ ಅಲ್ಲಿ ಶಾಲೆಯಲ್ಲಿ ಟೀಚರ್. ಕ್ಷಮಿಸು ಎಂದೆ. ಹೆಸರುಗಳನ್ನು ಬದಲಿಸಿ ನಡೆದದ್ದನ್ನು ಬರೆಯಲೇ, ನಮ್ಮ ಸಭೆಗಳಲ್ಲಿ ಓದಿ ಹೇಳಲೇ ಎಂದು ಕೇಳಿದೆ.

"ನಿಮಗ ಹೇಳಿದಾಕಿ ನಾನ ಅಂತ ಮೊದಲ ಅವ್ವಗ ಹೇಳ್ತೀನಿ. ಅಲ್ಲೀತನಕ ತಡೀರಿ."

ತಡೆದೆ. ಮೊನ್ನೆ ಅವಳ ಫೋನ್ ಬಂತು.

"ಅವ್ವಗ ಹೇಳೀನಿ. ಇನ್ನ ಬರೀರಿ. ಆದ್ರ, ದೇವರು ಬರೆಸಿದ ಅನ್ನಬ್ಯಾಡ್ರಿ."

ಇದನ್ನು ನಾನೇ ಬರೆದಿದ್ದೇನೆ.