ಶೋಕೇಸಿನೊಳಗಿನ ಕಂಪ್ಯೂಟರ್

ನಿನ್ನೆ ನನ್ನ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿದಾಗ ಸುಟ್ಟ ಧೂಳಿನ ವಾಸನೆ ಮುಖಕ್ಕೆ ಹೊಡೆಯಿತು. ಪ್ರೊಸೆಸರಿನ ಉಷ್ಣತೆ ತೊಂಬತ್ತು ಡಿಗ್ರಿ ದಾಟಿದೆಯೆಂದು ಪರದೆ ಎಚ್ಚರಿಸಿತ್ತು. ಭಾರದ ಕೆಲಸದಲ್ಲಿಯೂ ಅದು ಎಂಬತ್ತರ ಒಳಗಿದ್ದರೆ ಕ್ಷೇಮ. ಫ್ಯಾನಿನ ರೆಕ್ಕೆಗಳಿಗೆ ಅಂಟಿದ್ದ ಬೂದು ಪದರವನ್ನು ಬ್ರಷ್ಷಿನಿಂದ ಕೆರೆಯುತ್ತಿದ್ದಂತೆ, ಫರಂಗಿಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು... ಅಕ್ಕ ನೆನಪಾದರು ಎನ್ನುವುದು ಸೌಜನ್ಯದ ಮಾತು. ನಮ್ಮ ಮನೆ ಅವರಿಗೆ ಮಾಡಿದ ಅನ್ಯಾಯ ನೆನಪಾಯಿತು.

ಅವರು ಆ ಮನೆಯ ಸೊಸೆ. ಗಲ್ಫಿನಲ್ಲಿದ್ದ ಗಂಡ ಎರಡು ಸಾವಿರದ ದಶಕದ ಆರಂಭದಲ್ಲೊಮ್ಮೆ ರಜೆಗೆ ಬಂದಾಗ ಕಂಪ್ಯೂಟರ್ ತಂದುಕೊಟ್ಟಿದ್ದರು. ನೇತ್ರಾವತಿಯ ತೇವ ಗೋಡೆಗಳನ್ನೇ ನೆನೆಸುವ ಊರದು. ಮಳೆಗಾಲದಲ್ಲಿ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಟ್ಟು ರೇಷ್ಮೆ ಬಟ್ಟೆಗೂ ಕ್ಯಾಮೆರಾಕ್ಕೂ ಬೂಷ್ಟು ಹಿಡಿಯದಂತೆ ಕಾಯುವುದು ನಮ್ಮ ಕಡೆಯ ರೂಢಿ. ಕಂಪ್ಯೂಟರಿಗೂ ಅದೇ ಉಪಚಾರ ಸಂದಿತು. ಪೆಟ್ಟಿಗೆ ಶೋಕೇಸಿನ ಒಳಗೆ, ಗಾಜಿನ ಬಾಗಿಲಿನ ಹಿಂದೆ, ಬಲ್ಬಿನ ಪಕ್ಕ. ಮಾನಿಟರ್ ಮತ್ತು ಕೀಲಿಮಣೆ ಮಾತ್ರ ಹೊರಗಿನ ಸ್ಟೂಲಿನ ಮೇಲೆ.

"ಬಾಗಿಲು ಹಾಕು ಮಾರಾಯ್ತಿ, ಥಂಡಿ ಹೊಡೆದರೆ ಮಗ ತಂದದ್ದು ಹಾಳಾಗ್ತದೆ" ಎಂದು ಅವರ ಅತ್ತೆ ಎಚ್ಚರಿಸುತ್ತಲೇ ಇದ್ದರು. ಆ ಎಚ್ಚರಿಕೆಯಲ್ಲಿದ್ದದ್ದು ದೂರದ ಮಗನ ಮೇಲಿನ ಪ್ರೀತಿ.

ಅಕ್ಕ ಬಿ.ಸಿ. ರೋಡಿನ ಒಂದು ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದರು. ಕಲಿತು ಮುಗಿಸಿದರೆ ಹತ್ತಿರದ ಶಾಲೆಯೊಂದು ಸಣ್ಣ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸ ಕೊಡುವುದೆಂದು ಮಾತಾಗಿತ್ತು. ಅವರ ಕೈಗೂಸನ್ನು ನೋಡಿಕೊಳ್ಳಲು ಅತ್ತೆಯೇ ಒಪ್ಪಿದ್ದರು. ಮನೆಯಲ್ಲಿ ಪ್ರತಿ ಮಧ್ಯಾಹ್ನ ಅಕ್ಕ ಟೈಪಿಂಗ್ ಅಭ್ಯಾಸಕ್ಕೆ ಕೂರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಪರದೆ ಕಪ್ಪಾಗುತ್ತಿತ್ತು. ಸಂಜೆ ಅವರ ಮಾವ ಗುಂಡಿ ಒತ್ತಿದರೆ ಯಂತ್ರ ಚೆನ್ನಾಗಿ ಏಳುತ್ತಿತ್ತು. ಮರುದಿನ ಅಕ್ಕ ಕೂತರೆ ಮತ್ತೆ ಕಪ್ಪು. ಸಾಕ್ಷ್ಯ ಯಾರ ವಿರುದ್ಧ ಬೆಳೆಯುತ್ತಿತ್ತೆಂದು ಹೇಳಬೇಕಾಗಿಲ್ಲ.

ತೀರ್ಪಿಗೆ ಕರೆದದ್ದು ನನ್ನ ಅಪ್ಪನನ್ನು. ಅಪ್ಪ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರರು. ವಹನ, ಸಂವಹನ, ವಿಕಿರಣವೆಂದು ಶಾಖ ಚಲಿಸುವ ದಾರಿಗಳನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವರು. ಅವರು ಗಾಜಿನ ಬಾಗಿಲನ್ನು ತೆರೆಯಲಿಲ್ಲ, ಪೆಟ್ಟಿಗೆಯನ್ನು ಮುಟ್ಟಿ ನೋಡಲಿಲ್ಲ. ಚಹಾ ಕುಡಿದು ಹೇಳಿದರು: "ಮೆಷಿನಿನಲ್ಲಿ ದೋಷ ಇಲ್ಲ. ಕಲಿಯದ ಕೈ ಕಂಡಕಂಡದ್ದನ್ನು ಒತ್ತಿದರೆ ಹೀಗೆ ಆಗ್ತದೆ."

ಅಷ್ಟು ಸಾಕಾಯಿತು.

"ನಾನು ಪಾಠದಲ್ಲಿ ಉಂಟಲ್ಲ, ಅದನ್ನೇ ಒತ್ತಿದ್ದು ಮಾಸ್ಟ್ರೇ" ಎಂದರು ಅಕ್ಕ. ಮಾವ ನಕ್ಕರು: "ಮನೆಯದ್ದನ್ನೇ ಹಾಳು ಮಾಡಿದವಳು ಶಾಲೆಯದ್ದನ್ನು ಉಳಿಸ್ತಾಳಾ?" ತರಗತಿ ನಿಂತಿತು, ಶಾಲೆಯ ಮಾತೂ ನಿಂತಿತು. ಬೆಂಕಿಗಿಂಕಿ ಹತ್ತುವ ಮೊದಲು ಅದನ್ನು ಮಾಸ್ಟ್ರ ಮನೆಗೆ ಕೊಟ್ಟುಬಿಡಿ, ಅವರ ಮಗುವಿಗಾದರೂ ಉಪಯೋಗವಾಗಲಿ ಎಂದು ಗಲ್ಫಿನಿಂದ ಫೋನ್ ಬಂತು. ಹಾಗೆ ಆ ಕಂಪ್ಯೂಟರ್ ನಮ್ಮ ಮನೆಗೆ ಬಂತು. ಆ ಮಗು ನಾನು.

ನಮ್ಮಲ್ಲಿ ಶೋಕೇಸ್ ಇರಲಿಲ್ಲ. ಕಿಟಕಿಯ ಬಳಿಯ ತೆರೆದ ಮೇಜಿನ ಮೇಲೆ ಅದು ದಿನವಿಡೀ ಓಡಿತು, ಒಮ್ಮೆಯೂ ಕಪ್ಪಾಗಲಿಲ್ಲ. ಕೆಲವೇ ದಿನಗಳಲ್ಲಿ ಅಪ್ಪನಿಗೆ ಅರ್ಥವಾಯಿತು. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದರು: "ಅಲ್ಲಿ ಅದಕ್ಕೆ ಗಾಳಿ ಇರ್ಲಿಲ್ಲ. ಬಿಸಿ ಹೆಚ್ಚಾಗಿ ತನ್ನಷ್ಟಕ್ಕೇ ಆಫ್ ಆಗ್ತಿತ್ತು, ಸಂಜೆ ತಣಿದ ಮೇಲೆ ಏಳ್ತಿತ್ತು."

"ಹಾಗಾದ್ರೆ ಹೋಗಿ ಹೇಳಿ ಬನ್ನಿ. ಆ ಹುಡುಗಿ ಕ್ಲಾಸು ಬಿಟ್ಟು ಕೂತಿದ್ದಾಳೆ."

"ನಾಳೆ ಹೇಳುವ."

ನಾಳೆ ಹೇಳಲಿಲ್ಲ. ಅದರ ಮರುದಿನವೂ... ಮೌಸಿನ ಮೇಲೆ ಕೈಯಿಟ್ಟು ಕೂತಿದ್ದ ನನಗೆ ಅಪ್ಪ ಹೋಗದಿದ್ದದ್ದು ಸಂತೋಷವೇ ಆಗಿತ್ತು.

ಒಮ್ಮೆ ಅಕ್ಕ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಪತ್ತಿರ್ ಎಂಬ ಅಕ್ಕಿರೊಟ್ಟಿ ಕೊಡಲು ಬಂದರು. ಬಾಗಿಲಲ್ಲೇ ನಿಂತು ಉರಿಯುವ ಪರದೆಯನ್ನು ನೋಡಿದರು. "ಇಲ್ಲಿ ಹೇಗೆ ಸರಿಯಾಯ್ತು ಮಾಸ್ಟ್ರೇ?"

"ಸ್ವಲ್ಪ ರಿಪೇರಿ ಮಾಡಿಸಿದೆ" ಎಂದರು ಅಪ್ಪ.

"ಒಳ್ಳೆದಾಯ್ತು. ಹೆದರ್ಬೇಡಿ, ನಾನು ಮುಟ್ಟುದಿಲ್ಲ" ಎಂದು ನಗುತ್ತಾ ಅಕ್ಕ ಬರಿದಾದ ಕೈಯನ್ನು ದುಪಟ್ಟಾದೊಳಗೆ ಸೇರಿಸಿಕೊಂಡರು.

ಅಜ್ಞಾನದಿಂದ ಕೊಟ್ಟ ತೀರ್ಪನ್ನು ಕ್ಷಮಿಸಬಹುದು. ತಪ್ಪೆಂದು ತಿಳಿದ ಮೇಲೂ ಅದನ್ನು ಜಾರಿಯಲ್ಲಿಟ್ಟವರನ್ನು ಏನೆಂದು ಕರೆಯಬೇಕು? ನಡುವೆ ಇದ್ದದ್ದು ಒಂದು ಅಂಗಳ. ಅದನ್ನು ದಾಟಲು ಒಬ್ಬ ಗೌರವಾನ್ವಿತ ಮಾಸ್ತರರಿಗೆ ಆಗಲಿಲ್ಲ, ಏಕೆಂದರೆ ದಾಟಿದರೆ ಗೌರವ ಸ್ವಲ್ಪ ಸವೆಯುತ್ತಿತ್ತು. ಆ ಗೌರವದ ನೆರಳಿನಲ್ಲಿ, ಆ ಯಂತ್ರದ ಮೇಲೆಯೇ ಕಲಿತು ನಾನು ವಿಶ್ವವಿದ್ಯಾಲಯಕ್ಕೆ ಹೋದೆ. ಹೊಣೆಗಾರಿಕೆಯ ಬಗ್ಗೆ ಲೇಖನಗಳನ್ನು ಬರೆದೆ. ಅಕ್ಕ ಗಂಡನ ಬಳಿಗೆ ಹೋದರು. ಹೋದ ವರ್ಷ, ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು.

ತಗಡನ್ನು ಹಾಗೆಯೇ ಬಿಟ್ಟು, ನಿವೃತ್ತರಾಗಿ ಈಗ ನನ್ನೊಡನಿರುವ ಅಪ್ಪನನ್ನು ಅಂದು ಯಾಕೆ ಹೋಗಿ ಹೇಳಲಿಲ್ಲವೆಂದು ಕೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ಆಗ ಹೇಳಿದ್ರೆ ಅವರು ಕೊಟ್ಟದ್ದನ್ನು ವಾಪಸ್ ಕೇಳ್ತಿದ್ರು. ನೀನು ಎಲ್ಲಿ ಕಲೀತಿದ್ದಿ? ಈಗ ಅದೆಲ್ಲ ಯಾಕೆ?"

ಯಾಕೆಂದರೆ ಅದನ್ನು ನನ್ನ ಹೆಸರಿನಲ್ಲಿ ಮಾಡಿದ್ದೆಂದು ನನಗೆ ತಿಳಿದದ್ದೇ ಈಗ. ಅಂದು ಸೊಂಟದಲ್ಲಿದ್ದ ಮಗು ಈಗ ಮೂಡುಬಿದಿರೆಯಲ್ಲಿ ಸಂಸಾರಸ್ಥೆ. ಅವಳಿಗೆ ಫೋನ್ ಮಾಡಿದೆ. ಬಲ್ಬು, ಗಾಜು, ತೆರೆದ ಮೇಜು, ರಿಪೇರಿಯೆಂಬ ಸುಳ್ಳು... ಎಲ್ಲವನ್ನೂ ಹೇಳಿದೆ. ಅವಳು ತನ್ನ ತಾಯಿಯ ಮಾತನ್ನೇ ತೆಗೆದಳು.

"ಉಮ್ಮ ನನ್ನ ಲ್ಯಾಪ್‌ಟಾಪ್ ಹತ್ತಿರ ಬರ್ತಿರ್ಲಿಲ್ಲ. ನನ್ನ ಕೈ ಅದಕ್ಕೆ ಆಗುದಿಲ್ಲ ಅಂತಿದ್ರು. ನಾವು ತಮಾಷೆ ಮಾಡ್ತಿದ್ದೆವು" ಎಂದಳು. "ಮಾಸ್ಟ್ರು ಇದ್ದಾರಾ? ಅವರಿಗೆ ಕೊಡಿ."

ಫೋನನ್ನು ಅಪ್ಪನ ಮುಂದೆ ಹಿಡಿದೆ. ಅವರು ನನ್ನನ್ನು ನೋಡಿದರು. ನಾನು ಕೈ ಹಿಂತೆಗೆಯಲಿಲ್ಲ. ಕೊನೆಗೆ ತೆಗೆದುಕೊಂಡು, ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದ ಅದೇ ಗಟ್ಟಿ ದನಿಯಲ್ಲಿ "ಹಲೋ" ಎಂದರು. ಆಮೇಲೆ "ನಿನ್ನ ಉಮ್ಮನದ್ದು ತಪ್ಪಿರ್ಲಿಲ್ಲ ಮಗಾ" ಎಂದರು. ದನಿ ಅಲ್ಲಿಗೇ ಒಡೆಯಿತು.

ಆ ಮಾತನ್ನು ಕೇಳಬೇಕಾಗಿದ್ದವರು ಅದನ್ನು ಕೇಳಲಿಲ್ಲ.