ಗೋಡೆಯ ರುಚಿ

ಅತ್ತೆಯ ಮನೆಯಲ್ಲಿ ಕೂತರೆ ಆಗಾಗ ‘ಟಕ್’ ಎಂದೊಂದು ಸದ್ದು ಕೇಳುತ್ತದೆ. ಭಾರವಾದ ಪೆಟ್ಟಿಗೆಯ ಮುಚ್ಚಳವನ್ನು ಯಾರೋ ನೆಲದಡಿಯಲ್ಲಿ ಮುಚ್ಚಿದ ಹಾಗೆ. ಹೊಸಬರಾದರೆ ತಲೆ ಎತ್ತಿ ಸುತ್ತ ನೋಡುತ್ತಾರೆ. ಓಣಿಯವರು ನೋಡುವುದಿಲ್ಲ. ಓಣಿಯ ಕೊನೆಯ ಗೋಡೆಯಾಚೆ ಕಡಲ ದಂಡೆಯ ರೆಸಾರ್ಟು. ಅದರ ಸ್ನಾನಗೃಹಕ್ಕೆ ಸಮುದ್ರದ ನೀರು ಎಳೆಯುವ ಪಂಪು ನಿಂತೊಡನೆ, ಮೇಲೇರಿದ ನೀರು ಹಿಂದಕ್ಕೆ ಓಡದಂತೆ ಕೊಳವೆಯೊಳಗಿನ ಕಂಚಿನ ಬಾಗಿಲೊಂದು ತಾನಾಗಿಯೇ ಬಿದ್ದು ಮುಚ್ಚಿಕೊಳ್ಳುತ್ತದೆ. ಆ ಬಾಗಿಲನ್ನು ಅಲ್ಲಿ ಕೂರಿಸಿದವಳು ನನ್ನ ಅತ್ತೆ, ಅಪ್ಪನ ತಂಗಿ.

ರೆಸಾರ್ಟಿನಲ್ಲಿ ಅವಳ ಹುದ್ದೆ ಪ್ಲಂಬರ್, ಅಡ್ಡಹೆಸರು ‘ನಾಲಿಗೆ’. ಹೆಚ್ಚು ಮಾತಾಡುತ್ತಾಳೆಂದಲ್ಲ. ಅವಳು ಗೋಡೆ ನೆಕ್ಕುತ್ತಾಳೆ.

ಅಲ್ಲಿಗೆ ಬರುವವರು ಬಿಸಿ ಮಾಡಿದ ಕಡಲನೀರಿನಲ್ಲಿ ಮಲಗಲು ಬರುತ್ತಾರೆ: ಮಂಡಿ ನೋವಿನವರು, ನಿದ್ದೆ ಬಾರದವರು, ಹೊಸದಾಗಿ ಮದುವೆಯಾದವರು. ಬಿಳಿ ನಿಲುವಂಗಿ ತೊಟ್ಟು ಮೇಲೆ ಓಡಾಡುವ ಅವರಿಗೆ, ಕಾಲಡಿಯಲ್ಲಿ ಬಗ್ಗಿಯೇ ನಡೆಯಬೇಕಾದ ಒಂದು ಸುರಂಗವಿದೆ ಎಂಬುದು ಗೊತ್ತಿರುವುದಿಲ್ಲ. ಅದರ ತುಂಬ ಕೊಳವೆಗಳು. ಮೈಗೆ ಹಿತವಾದ ಆ ನೀರೇ ಲೋಹದ ಪಾಲಿಗೆ ಹೊಟ್ಟೆಬಾಕ. ಹಾಗಾಗಿ ಉದ್ದನೆಯ ಕೊಳವೆಗಳು ಪ್ಲಾಸ್ಟಿಕ್ಕಿನವು. ತಿರುವು ಬಂದಲ್ಲಿ ಮಾತ್ರ ಕಂಚಿನ ಕವಾಟ, ಅದಕ್ಕೆ ಕಂಚಿನದೇ ಸ್ಕ್ರೂ. ಬೇರೆ ಲೋಹ ಯಾಕೆ ಆಗದು ಎಂದು ನಾನೊಮ್ಮೆ ಕೇಳಿದ್ದೆ.

“ಕಂಚು ಮನೆ ಹಿರಿಯಳು, ಕಬ್ಬಿಣ ಬಡಪಾಯಿ ಸೊಸೆ ಅಂದ್ಕೋ,” ಎಂದಿದ್ದಳು. “ಒಣಗಿದ ಜಾಗದಲ್ಲಿ ಹೇಗೋ ಬಾಳ್ವೆ ಮಾಡ್ತಾರೆ. ಮಧ್ಯ ಉಪ್ಪುನೀರು ಬಂತೋ, ಸೊಸೆ ಸವೆದೇ ಹೋಗ್ತಾಳೆ. ಹಿರಿಯಳಿಗೆ ಒಂದು ಗೀರೂ ಬೀಳಲ್ಲ.”

ಸ್ನಾನದ ಕೋಣೆಗಳ ಗೋಡೆಯೊಳಗೆ ಎರಡು ಕೊಳವೆ ಜೊತೆಯಾಗಿ ಹೋಗುತ್ತವೆ, ಒಂದು ಸಿಹಿನೀರಿನದು, ಇನ್ನೊಂದು ಕಡಲಿನದು. ಗೋಡೆ ಒದ್ದೆಯಾದರೆ ಸೋರುತ್ತಿರುವುದು ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ. ಸಿಹಿಯಾದರೆ ಅವಸರವಿಲ್ಲ, ಜನ ಕಡಿಮೆಯಾದಾಗ ಗೋಡೆಯ ಹಿಂಬದಿಯ ಕಿರುದಾರಿಯಿಂದ ಕೈಹಾಕಿ ಸರಿಪಡಿಸಬಹುದು. ಉಪ್ಪಾದರೆ ಅವತ್ತೇ ಪಂಪು ನಿಲ್ಲಿಸಬೇಕು, ಇಲ್ಲವಾದರೆ ಗೋಡೆಯೊಳಗಿನ ಕಂಬಿಗಳು ತುಕ್ಕು ಹಿಡಿದು ಉಬ್ಬಿ ಗೋಡೆಯನ್ನೇ ಸೀಳುತ್ತವೆ. ಉಪ್ಪು ಕುಡಿದ ಗೋಡೆಯನ್ನು ತೊಳೆಯಲು ಕೋಣೆಯ ಕಡೆಯಿಂದ, ಮೇಲೆ ಹಚ್ಚಿದ ನೀಲಿ ಹೆಂಚುಗಳನ್ನೂ ಒಡೆಯಬೇಕು. ಅಂಥ ಹೆಂಚು ಈಗ ಯಾರೂ ಮಾಡುವುದಿಲ್ಲ. ಅತ್ತೆ ಬೆರಳು ಒತ್ತಿ, ನಾಲಿಗೆಗೆ ತಾಗಿಸಿ, ಉಗಿದು, ಒಂದು ಮಾತು ಹೇಳುತ್ತಿದ್ದಳು. ಅಷ್ಟರ ಮೇಲೆ ಕೆಲಸ ನಡೆಯುತ್ತಿತ್ತು.

ಸ್ಕ್ರೂಗಳನ್ನು ಗುರುತಿಸುತ್ತಿದ್ದುದೂ ನಾಲಿಗೆಯೇ. ಅಂಗಡಿಯ ಪೊಟ್ಟಣದಲ್ಲಿ ಆಗಾಗ ಬೆರೆತು ಬರುವ, ಹಳದಿ ಲೇಪ ಕೊಟ್ಟ ಕಬ್ಬಿಣದ ಸ್ಕ್ರೂ ಸುರಂಗದ ಮಬ್ಬಿನಲ್ಲಿ ಕಂಚಿನಂತೆಯೇ ಕಾಣುತ್ತದೆ. ತುದಿಯನ್ನು ಹಲ್ಲಿನಿಂದ ಕೆರೆದು ತುಟಿಯ ನಡುವೆ ಇಟ್ಟುಕೊಂಡರೆ ಕಂಚು ಒಗರು, ಕಬ್ಬಿಣ ರಕ್ತದ ರುಚಿ. ಅವಳ ಗಂಡ, ನನ್ನ ಮಾವ, ಮನೆಯ ಮುಂಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರ ತುಟಿಯ ನಡುವೆ ಸದಾ ಗುಂಡುಸೂಜಿ. ಕೆಲಸದ ಹೊತ್ತಿನಲ್ಲಿ ಇಬ್ಬರಲ್ಲಿ ಯಾರನ್ನು ಮಾತಾಡಿಸಿದರೂ ಸಿಗುವುದು “ಹ್ಞೂಂ” ಮಾತ್ರ.

ಅಡುಗೆ ಮಾವನದು, ಬೈಗುಳ ಅತ್ತೆಯದು. “ಸಮುದ್ರ ಅಲ್ಲಿದೆ ರೀ, ತಟ್ಟೆಗೆ ಯಾಕೆ ತಂದ್ರಿ?” ಇಲ್ಲವೇ, “ಉಪ್ಪಿನ ಡಬ್ಬಿ ಬಾಡಿಗೆಗೆ ಕೊಟ್ಟಿದ್ದೀರಾ?” ಊಟ ಶುರುವಾಗುತ್ತಿದ್ದುದೇ ಹೀಗೆ.

ಈಚೆಗೆ ಓಣಿಯಲ್ಲೆಲ್ಲ ಜ್ವರ ಬಂತು. ಅತ್ತೆಗೂ ಬಂತು, ಹೋಯಿತು. ಎದ್ದು ಕೆಲಸಕ್ಕೂ ಹೋದಳು. ಕೆಲವು ವಾರಗಳು ಕಳೆದವು, ಊಟದ ಬೈಗುಳ ತಗ್ಗಿದ್ದನ್ನು ಮಾವ ಜ್ವರದ ಸುಸ್ತು ಎಂದುಕೊಂಡರು. ಒಂದು ಮಧ್ಯಾಹ್ನ ಮಾವ ಆಲೂಗಡ್ಡೆ ಬೇಯಿಸಿ, ಉಪ್ಪು ಹಾಕುವುದನ್ನೇ ಮರೆತರು. ಬಡಿಸಿದ ಮೇಲೆ ನೆನಪಾಗಿ, ಬೈಗುಳಕ್ಕೆ ತಯಾರಾಗಿ ಕೂತರು. ಅತ್ತೆ ತಿಂದಳು, ತಟ್ಟೆ ತೊಳೆದಳು.

“ಹೇಗಿತ್ತು?” ಎಂದು ಮಾವನೇ ಕೇಳಿದರು.

“ಚೆನ್ನಾಗಿತ್ತು.”

ಮದುವೆಯಾದಂದಿನಿಂದ ಆ ಮಾತಿಗೆ ಕಾದಿದ್ದ ಮನುಷ್ಯ, ಅದು ಬಂದಾಗ ಹೆದರಿಬಿಟ್ಟರು. ಮಾರನೆಯ ದಿನ ಮತ್ತೆ ಆಲೂಗಡ್ಡೆ ಮಾಡಿ, ಬೇಕೆಂದೇ ಒಂದು ಮುಷ್ಟಿ ಉಪ್ಪು ಸುರಿದರು. ಅತ್ತೆ ಇನ್ನಷ್ಟು ಹಾಕಿಸಿಕೊಂಡಳು. ಮಾವ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಪಿಸುಗುಟ್ಟಿದರು: “ನಿಮ್ಮ ನಾದಿನಿಗೆ ನನ್ನ ಮೇಲೆ ಏನೋ ಕೋಪ ಅಕ್ಕಾ. ಜಗಳಾನೇ ಆಡ್ತಿಲ್ಲ.”

ಅದಾದ ಎರಡನೆಯ ಸಂಜೆ ನಾನು ಅವರ ಮನೆಯಲ್ಲಿದ್ದೆ. ಮಾವ ನನ್ನ ಹೊಸ ಅಂಗಿಯ ತೋಳಿನ ಮೇಲೆ ಸವೆದ ಸೋಪಿನ ಬಿಲ್ಲೆಯಿಂದ ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣಕ್ಕಿಂತ ಸೋಪಿನ ಗೆರೆ ಸಣ್ಣಗೆ ಬರುತ್ತದೆ, ಒಗೆದರೆ ತಾನೇ ಹೋಗುತ್ತದೆ. ಅತ್ತೆ ಒಳಬಂದವಳು ಚಪ್ಪಲಿ ಬಿಡುವ ಮೊದಲೇ ಊಟದ ಡಬ್ಬಿ ತೆರೆದು ಮಾವನ ಮುಂದಿಟ್ಟಳು. ಅದರಲ್ಲಿ ನೆನೆದ ಹತ್ತಿಯ ಉಂಡೆ.

“ಸ್ವಲ್ಪ ನೆಕ್ಕಿ ನೋಡ್ರೀ.”

ಮಾವ ಸೂಜಿಗಳನ್ನು ಬಾಯಿಂದ ತೆಗೆದರು. “ಏನಿದು?”

“ಗೋಡೆ.”

“ಕಟ್ಟಿಕೊಂಡವಳಿಗೋಸ್ಕರ ಬೆಟ್ಟ ಹತ್ತಿದವರ ಕಥೆ ಕೇಳಿದ್ದೀನಿ,” ಎಂದು ಮಾವ ನನ್ನ ಕಡೆ ನೋಡಿದರು. “ಗೋಡೆ ನೆಕ್ಕಿದವರ ಕಥೆ ಕೇಳಿಲ್ಲ.” ಆದರೂ ಕಿರುಬೆರಳು ಒತ್ತಿ ನಾಲಿಗೆಗೆ ತಾಗಿಸಿದರು. “ಥೂ! ಉಪ್ಪು.”

“ಸರಿಯಾಗಿ ನೋಡಿ. ಸೂಜಿ ಕಚ್ಚಿ ಕಚ್ಚಿ ನಿಮ್ಮ ಬಾಯಿ ಮೊದಲೇ…”

“ಉಪ್ಪು ಕಣೇ! ಮೊನ್ನೆ ಆಲೂಗಡ್ಡೆಗೆ ನಾನು ಹಾಕಿದ್ನಲ್ಲ, ಅಷ್ಟು ಉಪ್ಪು.”

“ಮೊನ್ನೆಯದು ಉಪ್ಪಾಗಿತ್ತಾ?”

ಗೋಡೆಯಾಚೆ ‘ಟಕ್’ ಎಂದಿತು. ಅತ್ತೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು.

ಜ್ವರ ಬಿಟ್ಟಾಗಿನಿಂದ ಅವಳ ಬಾಯಿಗೆ ಏನೂ ತಿಳಿಯುತ್ತಿರಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಯಾರಿಗೂ ಹೇಳದೆ ಕಾದಿದ್ದಳು. ಅವತ್ತು ಬೆಳಿಗ್ಗೆ ನೀಲಿ ಕೋಣೆಯ ಗೋಡೆ ಒದ್ದೆಯಾಯಿತು. ಕೋಣೆಗಳೆಲ್ಲ ಭರ್ತಿ. ಮ್ಯಾನೇಜರ್ ಮೇಡಂ, “ನಾಲಿಗೆ ಏನು ಹೇಳುತ್ತೆ?” ಎಂದು ನಗುತ್ತ ಕೇಳಿದರು. ಅತ್ತೆ ಬೆರಳು ನೆಕ್ಕಿದಳು. ಏನೂ ಇಲ್ಲ. “ಸಿಹಿ,” ಎಂದುಬಿಟ್ಟಳು.

“ಹೇಳಬೇಕಿತ್ತು ತಾನೇ, ರುಚಿ ಇಲ್ಲ ಅಂತ?” ಎಂದರು ಮಾವ.

“ಹೇಳಿದ್ರೆ ಟವೆಲ್ ಮಡಚೋಕೆ ಹಾಕ್ತಾರೆ.”

“ಟವೆಲ್ ಮಡಚೋದೇನು ಕೆಟ್ಟ ಕೆಲಸವಾ?”

“ಕೆಟ್ಟದ್ದಲ್ಲ. ಟವೆಲ್‌ಗೆ ನನ್ನ ಹತ್ತಿರ ಹೇಳ್ಕೊಳ್ಳೋದು ಏನೂ ಇರಲ್ಲ.”

ಅವಳ ಕಣ್ಣು ಮಾವನ ಕೈಯ ಸೋಪಿನ ಮೇಲೆ ನಿಂತಿತ್ತು. ಎದ್ದು ಬಂದು ಅದನ್ನು ಕಸಿದುಕೊಂಡಳು. “ಉಪ್ಪುನೀರಿನ ತೊಟ್ಟೀಲಿ ಸೋಪು ನೊರೆ ಬರಲ್ಲ ಅಂತ ಬಂದವರೆಲ್ಲ ಗೊಣಗ್ತಾರೆ. ಇದು ನನಗೆ ಯಾಕೆ ಹೊಳೀಲಿಲ್ಲ?” ಹತ್ತಿಯನ್ನು ಅಂಗೈಗೆ ಹಿಂಡಿ ಸೋಪು ತಿಕ್ಕಿದಳು. ನೊರೆ ಬರಲಿಲ್ಲ, ಒಡೆದ ಹಾಲಿನಂತೆ ಬಿಳಿ ಕಣಗಳು ಎದ್ದವು. ಕೈ ತೊಳೆದು ನಲ್ಲಿಯ ನೀರಿನಲ್ಲಿ ತಿಕ್ಕಿದಳು. ನೊರೆಯೋ ನೊರೆ. ನಲ್ಲಿಯ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು, ಎರಡು ಚಿಟಿಕೆ ಹಾಕಿದಳು, ನೊರೆ ಎಲ್ಲಿ ಸೋಲುತ್ತದೆಂದು ನೋಡಿದಳು. ಮೊಳಕೈವರೆಗೆ ಒದ್ದೆ. ಕಳೆದುಕೊಂಡದ್ದನ್ನು ಅಷ್ಟು ಹೊತ್ತು ಮರೆತೇ ಬಿಟ್ಟಿದ್ದಳು.

“ನನ್ನ ಸೋಪು!” ಎಂದರು ಮಾವ.

“ನಿಮ್ಮ ಅಯಸ್ಕಾಂತಾನೂ ಕೊಡಿ.”

ನೆಲಕ್ಕೆ ಬಿದ್ದ ಸೂಜಿಗಳನ್ನು ಎತ್ತಲು ಮಾವ ಮೇಜಿನ ಕಾಲಿಗೆ ಒಂದು ಅಯಸ್ಕಾಂತ ಕಟ್ಟಿದ್ದರು. ಸೋಪಿನ ಬುದ್ಧಿ ಹೊಳೆದ ಹುರುಪಿನಲ್ಲೇ ಅತ್ತೆ ತನ್ನ ಕೆಲಸದ ಚೀಲವನ್ನು ಚಾಪೆಯ ಮೇಲೆ ಸುರಿದಳು. ಹಳದಿ ಸ್ಕ್ರೂಗಳ ಮೇಲೆ ಅಯಸ್ಕಾಂತ ಆಡಿಸಿದಳು. ಕಂಚಿನವು ಅಲುಗಲಿಲ್ಲ. ಒಂದು ಮಾತ್ರ ಮಗ್ಗುಲು ಬದಲಿಸಿ, ಎದ್ದು, ನೆಗೆದು ಅಂಟಿಕೊಂಡಿತು.

ಅವಳು ಅದನ್ನು ಕಿತ್ತು ಅಂಗೈಯಲ್ಲಿ ತಿರುಗಿಸಿದಳು. ಜ್ವರ ಬಿಟ್ಟ ಮೇಲೆ ನೀಲಿ ಕೋಣೆಯ ಹಿಂದಿನ ಕವಾಟವನ್ನು ಬಿಗಿದಿದ್ದು ಇದೇ ಚೀಲದ ಸ್ಕ್ರೂಗಳಿಂದ. ತುಟಿಯಲ್ಲಿಟ್ಟು ಒಂದೊಂದಾಗಿ ಬಿಗಿದಿದ್ದಳು. ತುಟಿ ಏನನ್ನೂ ಹೇಳಿರಲಿಲ್ಲ.

ಮಾವ ಮೆಲ್ಲನೆ ಅಂದರು, “ನಾಳೆ ಹೋಗಿ, ಈಗ ಉಪ್ಪಾಗಿದೆ ಅಂದುಬಿಡು. ಗೋಡೆಗೇನು ಬಾಯಿ ಇದೆಯಾ?”

“ಆ ಗೋಡೆ ಒಂದೇ ಅಲ್ಲ ರೀ. ಆಮೇಲೆ ಎಷ್ಟು ಕಡೆ ಬಿಗಿದಿದ್ದೀನೋ. ಎಲ್ಲ ಬಿಚ್ಚಿ ನೋಡ್ಬೇಕು ಅಂದ್ರೆ ಪಂಪು ನಿಲ್ಲಿಸ್ಬೇಕು. ಯಾಕೆ ಅಂತ ಕೇಳಲ್ವಾ?”

“ಉಪ್ಪು ತಿಂದವರು ನೀರು ಕುಡೀಲೇಬೇಕು…”

“ಈಗ ಗಾದೆ ಬೇರೆ ಹೇಳ್ಬೇಡಿ.”

ಮುಂದಿನದನ್ನು ಅತ್ತೆಯೇ ನನಗೆ ಹೇಳಿದ್ದು. ಬೆಳಿಗ್ಗೆ ಮೇಡಂ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದಳು. “ನಿನ್ನೆ ಸಿಹಿ ಅಂದೆ. ಸುಳ್ಳು. ನನ್ನ ಬಾಯಿಗೆ ರುಚಿ ಹೋಗಿದೆ. ಗೋಡೇಲಿರೋದು ಉಪ್ಪು. ತಪ್ಪು ಸ್ಕ್ರೂ ಹಾಕಿದ್ದೂ ಬಹುಶಃ ನಾನೇ.” ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರುಚಿ ಇಲ್ಲದೆ ಹೇಗೆ ತಿಳಿಯಿತು ಎಂದರು. ಅತ್ತೆ ಸೋಪಿನ ಬಿಲ್ಲೆ ತೋರಿಸಿದಳು. ಸ್ನಾನದ ಕೋಣೆ ನೋಡಿಕೊಳ್ಳುವ ಹೆಂಗಸೊಬ್ಬಳು ತಾನೂ ತಿಕ್ಕಿ ನೋಡಿ ಹೌದೆಂದಳು.

ಪಂಪು ನಿಂತಿತು. ಬಿಳಿ ನಿಲುವಂಗಿಯವರೆಲ್ಲ ಗೊಣಗುತ್ತ ದಂಡೆಯ ಕಡೆ ಹೋದರು. ನೀಲಿ ಹೆಂಚುಗಳನ್ನು ಅತ್ತೆ ಒಂದೊಂದಾಗಿ ಎಬ್ಬಿಸಿದಳು. ಕೆಲವು ಇಡಿಯಾಗಿ ಬಂದವು, ಕೆಲವು ಬರಲಿಲ್ಲ. ಒಳಗೆ ಕವಾಟದ ಅಂಚಿನಲ್ಲಿ ಒಂದು ಸ್ಕ್ರೂ, ತಲೆ ಹಳದಿಯಾಗಿ ನೆಟ್ಟಗಿತ್ತು. ತಿರುಗಿಸುವ ಮೊದಲೇ ಕೈಗೆ ಬಂತು. ಮೈಯೆಲ್ಲ ಸವೆದು ಮಾವನ ಗುಂಡುಸೂಜಿಯಷ್ಟು ತೆಳ್ಳಗಾಗಿತ್ತು. ಸುತ್ತಲಿನ ಕಂಚಿನ ಮೇಲೆ ಒಂದು ಗೀರೂ ಇರಲಿಲ್ಲ. ಸಂಜೆಯೊಳಗೆ ಬೇರೆ ಕವಾಟಗಳಲ್ಲಿ ಅಂಥವೇ ಇನ್ನೆರಡು ಸಿಕ್ಕಿದವು, ಅವು ಸೋರಲು ಇನ್ನೂ ಶುರುವಾಗಿರಲಿಲ್ಲ.

ಮೇಡಂ ಆ ಸವೆದ ಸ್ಕ್ರೂವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. “ನಾಳೆಯಿಂದ…” ಎಂದರು.

ಅತ್ತೆಯ ಕಣ್ಣ ಮುಂದೆ ಟವೆಲ್‌ಗಳ ರಾಶಿ ಬಂತು.

“ನಾಳೆಯಿಂದ ಬಾಯಲ್ಲಿ ಸ್ಕ್ರೂ ಇಟ್ಕೊಳ್ಳಬೇಡಿ. ಅಯಸ್ಕಾಂತಕ್ಕೆ ತೋರಿಸದೆ ಒಂದೂ ಒಳಗೆ ಹೋಗಬಾರದು. ಮತ್ತೆ, ಗೋಡೆ ವಿಷಯ ನೀವೊಬ್ಬರೇ ಹೇಳಿದ್ರೆ ಸಾಲದು. ಇನ್ನೊಬ್ಬರು ಸೋಪು ತಿಕ್ಕಿ ನೋಡ್ಬೇಕು.”

ಕೊನೆಯ ಮಾತು ಅವಳಿಗೆ ಚುಚ್ಚಿತು. ನನ್ನ ಮುಂದೆ ಅದನ್ನು ಹೇಳುವಾಗ ದನಿ ಸ್ವಲ್ಪ ತಗ್ಗಿತು. ಆದರೆ ಕೊಳವೆಗಳು ಅವಳ ಕೈಯಲ್ಲೇ ಉಳಿದವು. ನೀಲಿ ಕೋಣೆಯ ಗೋಡೆಯಲ್ಲಿ ಈಗ ನಾಲ್ಕೈದು ಬಿಳಿ ಹೆಂಚುಗಳಿವೆ. ಅದೇನು ವಿನ್ಯಾಸವೇ ಎಂದು ಮಂಡಿ ನೋವಿನವರೊಬ್ಬರು ಕೇಳಿದರಂತೆ. “ಹೌದು, ನನ್ನದೇ,” ಎಂದಳಂತೆ ಅತ್ತೆ.

ಮೊನ್ನೆ ಅಂಗಿ ತರಲು ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ದರು. ಮಾವನ ತಟ್ಟೆ ಹಾಗೇ ಇತ್ತು. ಈಗೀಗ ಅವರು ಅತ್ತೆಯ ಮೊದಲ ತುತ್ತಿಗೆ ಕಾಯುತ್ತಾರೆ. ಬೈಗುಳ ಬರಲೆಂದು ಬೇಕೆಂದೇ ಏನಾದರೂ ಹೆಚ್ಚುಕಡಿಮೆ ಮಾಡಿರುತ್ತಾರೆ. ಅತ್ತೆ ಬಾಯಿಗೆ ಚಮಚ ಇಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಾಯಿತು.

ಆಗಲೇ ಗೋಡೆಯಾಚೆ ‘ಟಕ್’ ಎಂದಿತು. ಅದರ ಹಿಂದೆಯೇ ಇನ್ನೊಂದು, ಚಿಕ್ಕದು, ಎಂದೂ ಕೇಳದ್ದು: ‘ಟಿಕ್’. ಕೊಳವೆಯೊಳಗಿನ ಬಾಗಿಲು ಬಿದ್ದು ಒಮ್ಮೆ ಪುಟಿದ ಹಾಗೆ.

ಅತ್ತೆ ಎದ್ದಳು. ಚಮಚ ಇನ್ನೂ ಕೈಯಲ್ಲೇ ಇತ್ತು.

“ಎಲ್ಲಿಗೆ? ಹೇಗಿದೆ ಅಂತ ಹೇಳಿ ಹೋಗು ಮಾರಾಯ್ತಿ! ಉಪ್ಪು ಹೇಗಿದೆ?”

“ಉಪ್ಪಾ?” ಎಂದಳು ಅತ್ತೆ, ಚಪ್ಪಲಿ ಮೆಟ್ಟುತ್ತ, ಅಯಸ್ಕಾಂತ ಇದೆಯೇ ಎಂದು ಜೇಬು ತಟ್ಟಿಕೊಳ್ಳುತ್ತ, ಕಿವಿ ಮಾತ್ರ ಆ ಗೋಡೆಯ ಕಡೆ. “ಉಪ್ಪು ಇವತ್ತು ಸ್ವಲ್ಪ…” ಉಳಿದ ಮಾತು ಅವಳ ಜೊತೆಯೇ ಬಾಗಿಲು ದಾಟಿತು.