ಮೊದಲ ಸಲಾಮ್, ಆಮ್ಯಾಲ ಕೈ

ಹುಮನಾಬಾದಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಸರ್ವರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೂರು ಸರ್ವರುಗಳಿಗೆ ಸೇರಿ ಒಂದೇ ಸ್ಟೋರೇಜು. ರೋಗಿಗಳ ದಾಖಲೆಯೆಲ್ಲ ಅದರಲ್ಲೇ. “ನಾಕು ಮಂದಿ ಕೂಡಿ ಉಣ್ಣೋ ದಾವತ್ತಿನ ಥಾಲಿ ಇದ್ದಂಗ ಇದು. ಹೊಸದಾಗಿ ಬಂದು ಕೂಡೋವ ಮೊದಲ ಸಲಾಮ್, ಆಮ್ಯಾಲ ಕೈ,” ಎನ್ನುವರು.

ಅವರ ಕೈಕೆಳಗೆ ನಾಲ್ಕನೆಯ ಸರ್ವರಿಗೆ ಕೇಬಲ್ ಎಳೆದವನು ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ನನ್ನ ಕೆಲಸದಲ್ಲಿ ಕೊಂಕು ತೆಗೆದವರಿಲ್ಲ. ಪರದೆ, ‘ಹೊಸ ಡಿಸ್ಕ್ ಇದೆ, ಫಾರ್ಮ್ಯಾಟ್ ಮಾಡಲೇ?’ ಎಂದಿತು. ಹೂಂ ಎಂದು ಒತ್ತಲು ಹೋದೆ. ಚಾಚಾ ಮಣಿಕಟ್ಟು ಹಿಡಿದರು.

“ಥಾಲಿ ಹಳೇದದ ಬೇಟಾ, ಹೊಸಬ ನಿನ್ನ ಸರ್ವರ್! ಮಂದಿ ಉಣ್ಣಾಕತ್ತಾಗ ಥಾಲಿ ತೊಳೀತಿಯೇನು? ಫಾರ್ಮ್ಯಾಟ್ ಅಂದ್ರ ಇದ್ದ ದಾಖಲೆ ಎಲ್ಲಾ ಅಳಿಸಿ ಹೋಗ್ತದ.”

ಸ್ಟೋರೇಜು ಹಂಚಿಕೊಳ್ಳುವ ಸರ್ವರುಗಳ ಪಟ್ಟಿಗೆ ಹೊಸದರ ಹೆಸರು ಸೇರಿಸಿದರು. ದಾಖಲೆಗಳೆಲ್ಲ ಇಲ್ಲಿಯೂ ಕಂಡವು. “ಸಲಾಮ್ ಆಯ್ತು. ಈಗ ಕೈ ಹಾಕು.”

ಈಗ ಬಸವಕಲ್ಯಾಣದಲ್ಲಿ ಈ ಕೆಲಸ ನಾನೊಬ್ಬನೇ ಮಾಡುತ್ತೇನೆ. ಪರದೆ ಅದೇ ಪ್ರಶ್ನೆ ಕೇಳಿದಾಗ ನನ್ನ ಎಡಗೈ ತಾನಾಗಿ ಬಲಗೈ ಮಣಿಕಟ್ಟು ಹಿಡಿಯುತ್ತದೆ.